ಗೋಡೆಯ ಮೇಲಿನ ಕೋವಿ ಮತ್ತು ಮುಂದಿನ ತಲೆಮಾರು

ಹಿರಿಯರಿಂದ ಕಿರಿಯರಿಗೆ ಬರುವ ಆಸ್ತಿಯಲ್ಲಿ ಎರಡು ಬಗೆಯುಂಟು. ಹೊಲ, ಮನೆ, ಒಡವೆ, ಪಾತ್ರೆ-ಪಡಗಗಳು ಮೊದಲನೆಯ ಬಗೆ. ಕಾಗದಪತ್ರಗಳಲ್ಲಿ ಹೆಸರು ಬದಲಾದರೆ ಇವು ಕೈ ಬದಲಾಗುತ್ತವೆ. ಎರಡನೆಯ ಬಗೆಯದು ವಿದ್ಯೆ. ಅದಕ್ಕೆ ಕಾಗದವಿಲ್ಲ, ಸಾಕ್ಷಿಗಳ ರುಜುವಿಲ್ಲ. ಕೊಡುವವರು ಬದುಕಿರುವಾಗಲೇ ಪಡೆಯುವವರು ಎದುರಿಗೆ ಕುಳಿತು ಕಲಿಯಬೇಕು. ಕಲಿಯದೆ ಹೋದರೆ ವಸ್ತು ಉಳಿಯುತ್ತದೆ, ವಿದ್ಯೆ ಅಳಿಯುತ್ತದೆ. ವಿದ್ಯೆಯಿಲ್ಲದೆ ಉಳಿದ ವಸ್ತುವು ಹಲವು ವೇಳೆ ನಿರುಪಯೋಗಿಯಾಗುತ್ತದೆ. ಕೆಲವು ವೇಳೆ ಅಪಾಯಕಾರಿಯೂ ಆಗುತ್ತದೆ. ಈ ಮಾತಿನ ಅರ್ಥ ನನಗೆ ತಿಳಿದದ್ದು ಪುಸ್ತಕದಿಂದಲ್ಲ, ನಮ್ಮ ಮನೆಯ ಪಡಸಾಲೆಯಲ್ಲಿ ತೂಗುತ್ತಿದ್ದ ಒಂದು ಹಳೆಯ ಕೋವಿಯಿಂದ.

ಅದು ಅಜ್ಜನವರ ಕಾಲದ ಕೇಪಿನ ಕೋವಿ. ಬೆಳೆಯ ರಕ್ಷಣೆಗೆಂದು ಪರವಾನಗಿ ಪಡೆದದ್ದು. ಗದ್ದೆಗೆ ಹಂದಿಯ ಹಿಂಡು ಇಳಿದಾಗ ಗಾಳಿಯಲ್ಲಿ ಒಂದು ಈಡು ಹಾರಿಸಿ ಬೆದರಿಸುವುದಕ್ಕಷ್ಟೇ ಅದರ ಉಪಯೋಗ. ಅಜ್ಜನವರು ಲಿಂಗೈಕ್ಯರಾದ ಮೇಲೆ ಮೂರು ವರ್ಷ ಅದು ಗೋಡೆಯ ಮೇಲೆಯೇ ಉಳಿಯಿತು. ಪರವಾನಗಿದಾರರು ತೀರಿಕೊಂಡೊಡನೆ ಆಯುಧವನ್ನು ಒಪ್ಪಿಸಬೇಕೆಂಬ ವಿಚಾರ ನಮಗೆ ತಿಳಿಯದೆ ಇರಲಿಲ್ಲ. ಇಂದು ನಾಳೆ ಎಂದು ಮುಂದೂಡಿದೆವು. ಅದು ನಮ್ಮದೇ ತಪ್ಪು. ಆಯುಧಪೂಜೆಯಂದು ಅದರ ಧೂಳು ಒರೆಸಿ, ವಿಭೂತಿ ಹಚ್ಚಿ, ಹೂ ಏರಿಸಿ ಮತ್ತೆ ಮೊಳೆಗೆ ತೂಗುಹಾಕುತ್ತಿದ್ದೆವು. ಅದರ ಕೆಳಗೆಯೇ ಮಕ್ಕಳು ಹಾಸಿಗೆ ಹಾಸಿ ಮಲಗುತ್ತಿದ್ದರು.

ಒಮ್ಮೆ ಕೊಡಗಿನಿಂದ ಹಿರಿಯ ಮಿತ್ರರೊಬ್ಬರು ಮನೆಗೆ ಬಂದರು. ಕೋವಿಯನ್ನು ನೋಡಿದವರೇ, "ಇದರಲ್ಲಿ ಈಡು ಇದೆಯೇ, ಇಲ್ಲವೇ?" ಎಂದು ಕೇಳಿದರು. ನಾವು ಮುಖ ಮುಖ ನೋಡಿಕೊಂಡೆವು. ಅವರು ಕೋವಿಯನ್ನು ಇಳಿಸಿ, ಕೇಪು ಇಲ್ಲವೆಂಬುದನ್ನು ಮೊದಲು ಖಚಿತಪಡಿಸಿಕೊಂಡರು. ಮನೆಯವರನ್ನೆಲ್ಲ ಹಿಂದಕ್ಕೆ ಸರಿಸಿ, ನಳಿಗೆಯ ಬಾಯನ್ನು ಯಾರೂ ಇಲ್ಲದ ಕಡೆಗೆ ತಿರುಗಿಸಿ, ತಾವು ಅದರ ನೇರಕ್ಕೆ ಬಾರದಂತೆ ಪಕ್ಕದಲ್ಲಿ ನಿಂತು, ಗಜಕಡ್ಡಿಯನ್ನು (ಮದ್ದನ್ನು ದಟ್ಟಿಸುವ ಉದ್ದನೆಯ ಸಲಾಕೆ) ನಿಧಾನವಾಗಿ ಒಳಗಿಳಿಸಿದರು. ಬಾಯಿಯ ಅಂಚಿನಲ್ಲಿ ಹೆಬ್ಬೆರಳಿಟ್ಟು ಗುರುತು ಹಿಡಿದು, ಕಡ್ಡಿಯನ್ನು ಹೊರತೆಗೆದು ನಳಿಗೆಯ ಪಕ್ಕಕ್ಕೆ ಹಿಡಿದು ಅಳೆದರು. ಕಡ್ಡಿಯ ತುದಿ ನಳಿಗೆಯ ಬುಡವನ್ನು ಮುಟ್ಟಿರಲಿಲ್ಲ. ನಾಲ್ಕು ಬೆರಳಿನಷ್ಟು ಮೇಲೆಯೇ ನಿಂತಿತ್ತು. ಆ ನಾಲ್ಕು ಬೆರಳಿನ ಜಾಗದಲ್ಲಿ ಅಜ್ಜನವರು ಕೊನೆಯ ಬಾರಿ ತುಂಬಿದ ಮದ್ದು ಮತ್ತು ಚರೆ ಹಾಗೆಯೇ ಕುಳಿತಿದ್ದವು.

"ಅಜ್ಜ ಕೋವಿ ಕೊಟ್ಟು ಹೋದರು, ಕೋವಿಯ ತಿಳಿವಳಿಕೆಯನ್ನು ನೀವು ಕೇಳಿ ಪಡೆಯಲಿಲ್ಲ" ಎಂದು ಆ ಹಿರಿಯರು ಮೆಲುದನಿಯಲ್ಲಿ ಹೇಳಿದರು. ಈ ಲೇಖನ ಹುಟ್ಟಿದ್ದು ಆ ಮಾತಿನಿಂದ.

ಬಾಯಿಂದ ಉಣ್ಣುವ ಕೋವಿ

ಇಂದಿನ ಕೋವಿಗಳಿಗೆ ತೋಟೆಯನ್ನು ಹಿಂದಿನಿಂದ ತುಂಬುತ್ತಾರೆ. ಹಳೆಯ ಕೋವಿಯಾದರೋ ಬಾಯಿಂದಲೇ ಉಣ್ಣಬೇಕು. ಮೊದಲು ಅಳತೆ ಮಾಡಿದ ಕರಿಮದ್ದು, ಬಳಿಕ ಅದನ್ನು ಹಿಡಿದಿಡುವ ನಾರು ಅಥವಾ ಬಟ್ಟೆಯ ಬಿರಡೆ, ಅದರ ಮೇಲೆ ಗುಂಡು ಅಥವಾ ಚರೆ. ಎಲ್ಲವನ್ನೂ ಗಜಕಡ್ಡಿಯಿಂದ ಬುಡದವರೆಗೆ ದಟ್ಟಿಸಬೇಕು. ಕಟ್ಟಕಡೆಗೆ, ಹಾರಿಸುವ ಜಾಗದಲ್ಲಿ ನಿಂತ ಮೇಲೆಯೇ, ನಳಿಗೆಯ ಬುಡದ ಕೊಳವೆಗೆ ತಾಮ್ರದ ಪುಟ್ಟ ಕೇಪನ್ನು ತೊಡಿಸಬೇಕು. ಕುದುರೆ ಬಂದು ಕೇಪನ್ನು ಹೊಡೆದಾಗ ಕಿಡಿ ಹುಟ್ಟಿ ಒಳಗಿನ ಮದ್ದಿಗೆ ತಗಲುತ್ತದೆ. ಒಂದು ಈಡು ಮುಗಿದರೆ ಮತ್ತೆ ಮೊದಲಿನಿಂದ ಆರಂಭ.

ಈ ಬಗೆಯ ಕೋವಿಗಳು ನೂರಾರು ವರ್ಷಗಳಲ್ಲಿ ಹಲವು ರೂಪ ತಾಳಿದವು. ಮೊದಲು ಉರಿಯುವ ಬತ್ತಿಯಿಂದ ಕಿಡಿ ಮುಟ್ಟಿಸುವ ಕೋವಿ ಇತ್ತು. ಹದಿನೇಳನೆಯ ಶತಮಾನದಲ್ಲಿ ಚಕಮಕಿ ಕಲ್ಲಿನ ಕೋವಿ ಯುರೋಪಿನಲ್ಲಿ ಬಳಕೆಗೆ ಬಂದಿತು. ಚಕಮಕಿಯ ಕಿಡಿ ಹಾರಿ ಮದ್ದು ಹತ್ತುವಷ್ಟರಲ್ಲಿ ಕೆರೆಯ ಹಕ್ಕಿಗಳು ಬೆದರಿ ಹಾರಿಹೋಗುತ್ತಿದ್ದುದನ್ನು ಕಂಡು, ಸ್ಕಾಟ್ಲೆಂಡಿನ ಬೆಲ್ಹೆಲ್ವಿ ಎಂಬ ಹಳ್ಳಿಯ ಕ್ರೈಸ್ತ ಪಾದ್ರಿ ಅಲೆಕ್ಸಾಂಡರ್ ಫಾರ್ಸೈತ್ ಹೊಡೆತದಿಂದಲೇ ಸಿಡಿಯುವ ರಾಸಾಯನಿಕವನ್ನು ಕೋವಿಗೆ ಅಳವಡಿಸಿ 1807ರಲ್ಲಿ ಹಕ್ಕುಪತ್ರ ಪಡೆದನು. ಆ ಕಲ್ಪನೆಯೇ ಬೆಳೆದು ಮುಂದೆ ಕೇಪಾಯಿತು. ದೇವಸೇವೆಯ ನಡುವೆ ಬಾತುಕೋಳಿಯ ಬೇಟೆಯ ಹವ್ಯಾಸವಿದ್ದ ಪಾದ್ರಿಯೊಬ್ಬನಿಂದ ಜಗತ್ತಿನ ಸೈನ್ಯಗಳ ಆಯುಧವೇ ಬದಲಾದದ್ದು ಇತಿಹಾಸದ ಒಂದು ವಿಚಿತ್ರ.

1857ರ ಸಂಗ್ರಾಮದ ಕಿಡಿಗೂ ಬಾಯಿಂದ ತುಂಬುವ ಕೋವಿಗೂ ಇರುವ ನಂಟನ್ನು ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಎನ್‌ಫೀಲ್ಡ್ ರೈಫಲ್ ಕೂಡ ಇಂಥದೇ ಕೋವಿ. ಅದರ ಕಾಗದದ ತೋಟೆಯ ತುದಿಯನ್ನು ಹಲ್ಲಿನಿಂದ ಕಚ್ಚಿ ಹರಿದು ಮದ್ದನ್ನು ನಳಿಗೆಗೆ ಸುರಿಯಬೇಕಾಗಿತ್ತು. ಆ ತೋಟೆಗೆ ಹಸುವಿನ ಮತ್ತು ಹಂದಿಯ ಕೊಬ್ಬು ಸವರಿದೆಯೆಂಬ ಸುದ್ದಿ ಸಿಪಾಯಿಗಳ ಮನಸ್ಸನ್ನು ಕೆರಳಿಸಿತು. ಹಿಂದಿನಿಂದ ತುಂಬುವ ಕೋವಿಯಾಗಿದ್ದರೆ ಕಚ್ಚುವ ಪ್ರಸಂಗವೇ ಬರುತ್ತಿರಲಿಲ್ಲ.

ಕಿತ್ತೂರಿನ ಗುರಿ, ಹಲಗಲಿಯ ಬಲಿ

ನಮ್ಮ ಸಮಾಜದ ಇತಿಹಾಸದಲ್ಲಿ ಕೋವಿಯ ನೆನಪು ಬಂದರೆ ಮೊದಲು ಕಣ್ಣೆದುರು ನಿಲ್ಲುವುದು ಕಿತ್ತೂರು. ದತ್ತಕದ ಹಕ್ಕನ್ನು ಒಪ್ಪದ ಕಂಪನಿ ಸರಕಾರ ಕಿತ್ತೂರನ್ನು ನುಂಗಲು ಬಂದಾಗ, 1824ರ ಅಕ್ಟೋಬರ್ 23ರಂದು ನಡೆದ ಕಾಳಗದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಹತನಾದನು. ಆತನನ್ನು ಕೆಡವಿದ ಗುಂಡು ರಾಣಿ ಚೆನ್ನಮ್ಮನ ನೆಚ್ಚಿನ ಬಂಟ ಅಮಟೂರು ಬಾಳಪ್ಪನ ಕೋವಿಯದು. ಆ ಕಾಲದ ಕೋವಿಯೆಂದರೆ ಒಂದು ಈಡು ತಪ್ಪಿದರೆ ಎರಡನೆಯದಕ್ಕೆ ಅವಕಾಶ ಸಿಕ್ಕುವುದು ದುರ್ಲಭ. ಒಂದೇ ಗುಂಡಿನಲ್ಲಿ ನಂಬಿಕೆಯಿಡುವ ಸ್ಥೈರ್ಯ ಬಾಳಪ್ಪನಿಗೆ ಒಂದು ದಿನದಲ್ಲಿ ಬಂದದ್ದಲ್ಲ. ಅದರ ಹಿಂದೆ ಯಾರೋ ಕಲಿಸಿದ, ಈತ ಕಲಿತ ವರ್ಷಗಳ ಸಾಧನೆ ಇದ್ದಿರಲೇಬೇಕು. ಕಲಿಸಿದವನ ಹೆಸರನ್ನು ಇತಿಹಾಸ ಉಳಿಸಲಿಲ್ಲ. ಕಲಿಸುವವರ ಪಾಡು ಸಾಮಾನ್ಯವಾಗಿ ಇದೇ.

ಅದೇ ವರ್ಷದ ಡಿಸೆಂಬರಿನಲ್ಲಿ ಕಿತ್ತೂರು ಬಿದ್ದಿತು. ಚೆನ್ನಮ್ಮ ರಾಣಿಯು ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ಲಿಂಗೈಕ್ಯಳಾದಳು. ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಲಾಯಿತು. ಮುಂದೆ 1857ರಲ್ಲಿ ಸರಕಾರ ನಿಶ್ಶಸ್ತ್ರೀಕರಣದ ಕಾಯಿದೆಯನ್ನು ಹೊರಡಿಸಿ, ಜನರು ತಮ್ಮ ಆಯುಧಗಳನ್ನು ಒಪ್ಪಿಸಬೇಕೆಂದು ಆಜ್ಞಾಪಿಸಿತು. ಇಂದಿನ ಬಾಗಲಕೋಟೆ ಜಿಲ್ಲೆಯ ಹಲಗಲಿಯ ಬೇಡರು ಅದಕ್ಕೆ ಮಣಿಯಲಿಲ್ಲ. ಕತ್ತಿ-ಕೋವಿ ಅವರಿಗೆ ಬರಿಯ ಸಾಧನವಾಗಿರಲಿಲ್ಲ, ಹೊಟ್ಟೆಯ ಪಾಡೂ ಮಾನವೂ ಆಗಿತ್ತು. ದಂಗೆಯನ್ನು ಅಡಗಿಸಿದ ಸರಕಾರ ಆ ಡಿಸೆಂಬರಿನಲ್ಲಿ ಮುಧೋಳ ಮತ್ತು ಹಲಗಲಿಗಳಲ್ಲಿ ಒಟ್ಟು 19 ಮಂದಿಯನ್ನು ಗಲ್ಲಿಗೇರಿಸಿತು. ಜೆ. ಎಫ್. ಫ್ಲೀಟ್ ಸಂಗ್ರಹಿಸಿದ ಕನ್ನಡ ಲಾವಣಿಗಳಲ್ಲಿ ಹಲಗಲಿಯ ದುರಂತವೂ ಸೇರಿದೆ.

ಆಯುಧ ಹೋದ ಮೇಲೆ ಅದರ ವಿದ್ಯೆಯೂ ಹೋಯಿತು. ಎರಡು ತಲೆಮಾರು ಕಳೆಯುವಷ್ಟರಲ್ಲಿ, ಗುಂಡಿನ ಗುರಿಗೆ ಹೆಸರಾಗಿದ್ದ ನಾಡಿನಲ್ಲಿ ಕೋವಿಯೆಂಬುದು ಲಾವಣಿಯ ಮಾತಾಗಿ ಉಳಿಯಿತು.

ಕೊಡಗು ಉಳಿಸಿಕೊಂಡದ್ದು ಹೇಗೆ?

ಇದಕ್ಕೆ ಪ್ರತಿಯಾಗಿ ಕೊಡಗನ್ನು ನೋಡಬೇಕು. ಆ ನಾಡಿಗೂ ನಮಗೂ ಹಳೆಯ ಬಾಂಧವ್ಯವುಂಟು. ಕೊಡಗನ್ನು ಸುಮಾರು ಎರಡು ಶತಮಾನ ಕಾಲ ಆಳಿದ ಹಾಲೇರಿ ಅರಸರು ವೀರಶೈವ ಲಿಂಗಾಯತರು. ಮಡಿಕೇರಿಯಲ್ಲಿ ಅವರ ಗದ್ದಿಗೆಗಳು ಇಂದಿಗೂ ಇವೆ. ಲಿಂಗರಾಜೇಂದ್ರ ಕಟ್ಟಿಸಿದ ಓಂಕಾರೇಶ್ವರ ದೇವಾಲಯವನ್ನು ನಮ್ಮ ಓದುಗರಲ್ಲಿ ಅನೇಕರು ದರ್ಶಿಸಿರಬಹುದು. ಅರಸನಿಗೆ ದಂಡಿನ ಸೇವೆ ಸಲ್ಲಿಸಿದ ಮನೆತನಗಳು ಜಮ್ಮಾ ಭೂಮಿಯನ್ನು ವಂಶಪಾರಂಪರ್ಯವಾಗಿ ಅನುಭವಿಸುತ್ತಿದ್ದವು. ಕರೆ ಬಂದಾಗ ಕೋವಿ ಹಿಡಿದು ಹೊರಡುವುದು ಆ ಮನೆತನಗಳ ಕರ್ತವ್ಯ.

1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡರು. ಆದರೆ ನಿಶ್ಶಸ್ತ್ರೀಕರಣದ ಕಾಯಿದೆಯಿಂದ ಕೊಡಗಿನವರಿಗೆ 1861ರಲ್ಲಿ ವಿನಾಯಿತಿ ದೊರೆಯಿತು. ಸ್ವತಂತ್ರ ಭಾರತದಲ್ಲಿಯೂ ಕೊಡವ ಜನಾಂಗದವರಿಗೆ ಹಾಗೂ ಜಮ್ಮಾ ಹಿಡುವಳಿದಾರರಿಗೆ ಈ ವಿನಾಯಿತಿ ಮುಂದುವರಿಯಿತು. ಕೇಂದ್ರ ಸರಕಾರ 2019ರಲ್ಲಿ ಹೊರಡಿಸಿದ ಅಧಿಸೂಚನೆಯ ಮೇರೆಗೆ ಅದು 2029ರ ಅಕ್ಟೋಬರ್ ಕೊನೆಯವರೆಗೆ ಜಾರಿಯಲ್ಲಿರುತ್ತದೆ. ಇದನ್ನು ಪ್ರಶ್ನಿಸಿ ಸಲ್ಲಿಸಿದ ಅರ್ಜಿಯ ಮೇಲೆ ಕರ್ನಾಟಕ ಉಚ್ಚ ನ್ಯಾಯಾಲಯ 2021ರಲ್ಲಿ ತೀರ್ಪಿತ್ತು ವಿನಾಯಿತಿಯನ್ನು ಎತ್ತಿಹಿಡಿಯಿತು.

ಆದರೆ ಕಾನೂನಿನ ಅನುಮತಿಯಿಂದ ಮಾತ್ರ ವಿದ್ಯೆ ಉಳಿಯುವುದಿಲ್ಲ. ಕೊಡವರು ಕೋವಿಯನ್ನು ಬದುಕಿನ ಸಂಸ್ಕಾರಗಳಿಗೆ ಹೆಣೆದರು. ಗಂಡುಮಗು ಹುಟ್ಟಿದಾಗ ಒಂದು ಈಡು. ಮನೆಯಲ್ಲಿ ಸಾವು ಸಂಭವಿಸಿದಾಗ ಊರಿಗೆ ಸುದ್ದಿ ಮುಟ್ಟಿಸಲು ಒಂದರ ಹಿಂದೊಂದು ಎರಡು ಈಡು. ಪುತ್ತರಿಯಂದು ಮೊದಲ ಕದಿರು ಕೊಯ್ಯುವಾಗ ಗದ್ದೆಯಲ್ಲಿ ಈಡಿನ ಸದ್ದು. ಸೆಪ್ಟೆಂಬರ್ 3ರ ಸುಮಾರಿಗೆ ಬರುವ ಕೈಲ್‌ಪೊಳ್ದ್ ಹಬ್ಬದಂದು ಕೋವಿಗಳನ್ನು ತೊಳೆದು ಒರೆಸಿ ನೆಲ್ಲಕ್ಕಿ ಬಾಡೆಯಲ್ಲಿರಿಸಿ, ಕೋವಿ ಹೂವೆಂದೇ ಹೆಸರಾದ ತೋಕ್‌ಪೂವಿನಿಂದ ಅಲಂಕರಿಸುತ್ತಾರೆ. ಪೂಜೆಯ ನಂತರ ಎತ್ತರದ ಮರಕ್ಕೆ ತೆಂಗಿನಕಾಯಿ ಕಟ್ಟಿ ಗುರಿಯಿಡುವ ಪಂದ್ಯ. ಹೆಣ್ಣುಮಕ್ಕಳೂ ಅದರಲ್ಲಿ ಭಾಗವಹಿಸುತ್ತಾರೆ.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಹೀಗೆ ಪ್ರತಿ ವರ್ಷ ನಿಶ್ಚಿತ ದಿನದಂದು ಕೋವಿಯನ್ನು ಕೆಳಗಿಳಿಸಲೇಬೇಕು, ಶುಚಿಗೊಳಿಸಲೇಬೇಕು, ಹಿರಿಯರು ಕಿರಿಯರ ಎದುರಿಗೆ ಅದನ್ನು ಹಿಡಿಯಲೇಬೇಕು. ಮಗು ಹಬ್ಬದ ಸಡಗರದಲ್ಲಿಯೇ ನೋಡಿ ನೋಡಿ ಕಲಿಯುತ್ತದೆ. ಇಂದು ಪಂದ್ಯಗಳಲ್ಲಿ ಬಳಸುವ ಕೋವಿಗಳು ಆಧುನಿಕವಾದವು. ಬಾಯಿಂದ ತುಂಬುವ ಕೋವಿ ಬಹುಮಟ್ಟಿಗೆ ಹಿನ್ನೆಲೆಗೆ ಸರಿದಿದೆ. ಆದರೂ ಕೋವಿಯನ್ನು ಗೌರವಿಸುವ, ಅದಕ್ಕೆ ಅಂಜಿ ನಡೆಯುವ ಮನೋಧರ್ಮ ಉಳಿದಿದೆ.

ಅಳಿದದ್ದನ್ನು ಮರಳಿ ತಂದವರು

ಅಳಿದ ವಿದ್ಯೆಯನ್ನು ಹವ್ಯಾಸದ ಬಲದಿಂದಲೇ ಮರಳಿ ತಂದ ಉದಾಹರಣೆ ಅಮೆರಿಕದಲ್ಲಿದೆ. ಹದಿನೆಂಟನೆಯ ಶತಮಾನದಲ್ಲಿ ಪೆನ್ಸಿಲ್ವೇನಿಯಾದ ಜರ್ಮನ್ ಮತ್ತು ಸ್ವಿಸ್ ಮೂಲದ ಕುಶಲಕರ್ಮಿಗಳು ಉದ್ದ ನಳಿಗೆಯ ರೈಫಲನ್ನು ರೂಪಿಸಿದರು. ಕಾರ್ಖಾನೆಗಳ ತೋಟೆಯ ಕೋವಿ ಬಂದ ಮೇಲೆ ಅದು ಅಟ್ಟ ಸೇರಿತು. 1931ರಲ್ಲಿ ಓಹಾಯೋ ರಾಜ್ಯದ ಪೋರ್ಟ್ಸ್‌ಮತ್ ಎಂಬಲ್ಲಿ ಕೆಲವರು ಸೇರಿ, ಅಜ್ಜಂದಿರ ಕೋವಿಗಳಿಂದಲೇ ಗುರಿಯಿಡುವ ಪಂದ್ಯವೊಂದನ್ನು ಏರ್ಪಡಿಸಿದರು. ಅಟ್ಟದ ಮೇಲಿದ್ದ ಕೋವಿಗಳನ್ನು ಹಿಡಿದು ಮುದುಕರು ಬಂದರು, ಕುತೂಹಲದಿಂದ ತರುಣರೂ ಬಂದರು. ಅದರ ಫಲವಾಗಿ 1933ರಲ್ಲಿ ರಾಷ್ಟ್ರೀಯ ಸಂಘವೊಂದು ಸ್ಥಾಪನೆಯಾಯಿತು. 1939ರಿಂದ ಅದು ತನ್ನದೇ ಪತ್ರಿಕೆಯನ್ನೂ ಹೊರತಂದಿತು. ಇಂಡಿಯಾನಾದ ಫ್ರೆಂಡ್‌ಶಿಪ್ ಎಂಬ ಪುಟ್ಟ ಊರಿನಲ್ಲಿ ಅದರ ಬಯಲಿದೆ. ಊರಿನ ಹೆಸರಿನ ಅರ್ಥವೇ 'ಸ್ನೇಹ'!

ಕೋವಿ ತಯಾರಿಸುವ ಕಲೆಯೂ ಹೀಗೆಯೇ ಮರುಹುಟ್ಟು ಪಡೆಯಿತು. ವರ್ಜೀನಿಯಾದ ವಿಲಿಯಮ್ಸ್‌ಬರ್ಗ್ ಎಂಬ ಐತಿಹಾಸಿಕ ನಗರದ ಕಮ್ಮಾರಶಾಲೆಯಲ್ಲಿ ವಾಲೆಸ್ ಗಸ್ಲರ್ ಎಂಬಾತ ಕಬ್ಬಿಣದ ಪಟ್ಟಿಯನ್ನು ಬಡಿದು ನಳಿಗೆ ಮಾಡುವುದರಿಂದ ಹಿಡಿದು ಕಟ್ಟಕಡೆಯ ತಿರುಪಿನವರೆಗೆ ಎಲ್ಲವನ್ನೂ ಹಳೆಯ ವಿಧಾನದಲ್ಲಿ ಕೈಯಿಂದಲೇ ಮಾಡಿ ತೋರಿಸಿದನು. ಅದನ್ನು ಕುರಿತ ಸಾಕ್ಷ್ಯಚಿತ್ರ 1969ರಲ್ಲಿ ಬಂದಿತು. ಬ್ರಿಟನ್ನಿನಲ್ಲಿಯೂ 1952ರಲ್ಲಿ ಇಂಥ ಹವ್ಯಾಸಿಗಳ ಸಂಘ ಹುಟ್ಟಿತು. 1971ರಲ್ಲಿ ಹಲವು ದೇಶಗಳ ಸಂಘಗಳು ಸೇರಿ ಅಂತರರಾಷ್ಟ್ರೀಯ ಒಕ್ಕೂಟವೊಂದನ್ನು ಕಟ್ಟಿಕೊಂಡವು. ಅಂತರರಾಷ್ಟ್ರೀಯ ಪಂದ್ಯದ ನಿಯಮ ಸರಳವಾಗಿದೆ: 30 ನಿಮಿಷ, 13 ಗುಂಡು, ಅವುಗಳಲ್ಲಿ ಉತ್ತಮವಾದ 10 ಮಾತ್ರ ಲೆಕ್ಕಕ್ಕೆ. ಎರಡು ನಿಮಿಷಕ್ಕೊಂದರಂತೆ ಹಾರಿಸಿದರೆ ಸಾಕು. ಅವಸರಕ್ಕೆ ಅಲ್ಲಿ ಯಾವ ಬೆಲೆಯೂ ಇಲ್ಲ.

ಅಮೆರಿಕದಲ್ಲಿ ಸ್ಕೌಟ್ ಮಕ್ಕಳಿಗೆ ರೈಫಲ್ ತರಬೇತಿಯ ಪದಕ ಪಡೆಯಲು ಇರುವ ಆಯ್ಕೆಗಳಲ್ಲಿ ಬಾಯಿಂದ ತುಂಬುವ ಕೋವಿಯೂ ಒಂದು. ಗ್ರಾಮೀಣ ಮಕ್ಕಳ 'ಫೋರ್-ಎಚ್' ಸಂಸ್ಥೆಯ ಗುರಿವಿದ್ಯೆಯ ವಿಭಾಗದಲ್ಲಿಯೂ ಅದಕ್ಕೆ ಸ್ಥಾನವಿದೆ. ಅಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳ ಮಕ್ಕಳೂ ಈ ಸಂಸ್ಥೆಗಳಿಗೆ ಸೇರುವುದುಂಟು. ಮಗ ಅಥವಾ ಮಗಳು ಶಿಬಿರದಿಂದ ಬಂದು ಕೋವಿಯ ಮಾತೆತ್ತಿದಾಗ ಗಾಬರಿಗೊಳ್ಳುವ ತಾಯ್ತಂದೆಗಳು, ಅಲ್ಲಿ ಹೇಗೆ ಕಲಿಸುತ್ತಾರೆಂಬುದನ್ನು ಒಮ್ಮೆ ಹೋಗಿ ನೋಡುವುದು ಒಳ್ಳೆಯದು.

ಹೊಸಬರಿಗೆ ಕಲಿಸುವ ಕ್ರಮ

ನುರಿತವರು ಹೊಸಬರಿಗೆ ಮೊದಲ ದಿನ ಗುರಿಯಿಡುವುದನ್ನು ಕಲಿಸುವುದಿಲ್ಲ. ಮೊದಲ ಪಾಠ ನಳಿಗೆಯ ಬಾಯಿ ಎತ್ತ ನೋಡುತ್ತಿದೆಯೆಂಬ ಎಚ್ಚರ. ತುಂಬಿರಲಿ, ಖಾಲಿಯಿರಲಿ, ಅದು ಮನುಷ್ಯರತ್ತ ತಿರುಗಕೂಡದು. ಎರಡನೆಯ ಪಾಠ ಗಜಕಡ್ಡಿಯದು. ಖಾಲಿ ನಳಿಗೆಗೆ ಕಡ್ಡಿಯನ್ನಿಳಿಸಿ ಬಾಯಿಯ ಮಟ್ಟಕ್ಕೆ ಒಂದು ಗೀರು, ಸರಿಯಾಗಿ ಈಡು ತುಂಬಿದಾಗ ಇನ್ನೊಂದು ಗೀರು ಹಾಕುತ್ತಾರೆ. ಈ ಎರಡು ಗೀರುಗಳು ಕೋವಿಯ ಹೊಟ್ಟೆಯಲ್ಲಿ ಏನಿದೆಯೆಂಬುದನ್ನು ಜೀವನಪರ್ಯಂತ ಹೇಳುತ್ತವೆ. ಮರೆವಿನಿಂದ ಈಡಿನ ಮೇಲೆ ಈಡು ತುಂಬಿ ನಳಿಗೆ ಸಿಡಿಯುವ ಅನಾಹುತ ಇದರಿಂದ ತಪ್ಪುತ್ತದೆ. ನಮ್ಮ ಪಡಸಾಲೆಯ ಕೋವಿಯ ಕಡ್ಡಿಯ ಮೇಲೂ ಅಂಥ ಎರಡು ಗೀರುಗಳಿದ್ದವು. ನಾವು ಅವನ್ನು ಮರದ ಸವಕಲು ಎಂದುಕೊಂಡಿದ್ದೆವು.

ಮೂರನೆಯದು ಮದ್ದಿನ ಶಿಸ್ತು. ಮದ್ದಿನ ಬುರುಡೆಯಿಂದ ನೇರವಾಗಿ ನಳಿಗೆಗೆ ಸುರಿಯಬಾರದು. ಹಿಂದಿನ ಈಡಿನ ಕೆಂಡದ ಚೂರು ಒಳಗಿದ್ದರೆ ಕೈಯಲ್ಲಿದ್ದ ಬುರುಡೆಯೇ ಸಿಡಿಯುತ್ತದೆ. ಆದ್ದರಿಂದ ಪಂದ್ಯಗಳಲ್ಲಿ ಒಂದೊಂದು ಈಡಿನ ಮದ್ದನ್ನೂ ಮೊದಲೇ ಅಳೆದು ಪುಟ್ಟ ಶೀಷೆಗಳಲ್ಲಿ ತರಬೇಕೆಂಬ ನಿಯಮವಿದೆ. ಹೊಸಕಾಲದ ಹೊಗೆರಹಿತ ಮದ್ದನ್ನು ಹಳೆಯ ಕೋವಿಗೆ ಎಂದಿಗೂ ತುಂಬಬಾರದು. ಅದರ ಒತ್ತಡವನ್ನು ಹಳೆಯ ನಳಿಗೆ ತಾಳದು. ನಾಲ್ಕನೆಯದು ತಾಳ್ಮೆ. ಕೇಪು ಹೊಡೆದರೂ ಈಡು ಹಾರದಿದ್ದರೆ ಕೋವಿಯನ್ನು ಇಳಿಸದೆ, ಬಾಯನ್ನು ಗುರಿಯತ್ತಲೇ ಹಿಡಿದು ಕಾಯಬೇಕು. ಒಳಗೆ ಹೊಗೆಯಾಡುತ್ತಿರುವ ಮದ್ದು ತಡವಾಗಿ ಹತ್ತಬಹುದು. ಏನಾಯಿತೆಂದು ಬಾಯಿಗೆ ಕಣ್ಣಿಟ್ಟು ನೋಡಿದವರು ಪ್ರಾಣ ಕಳೆದುಕೊಂಡಿದ್ದಾರೆ.

ಕೊನೆಯದು ಶುಚಿ. ಕರಿಮದ್ದು ಉರಿದ ಮೇಲೆ ಉಳಿಯುವ ಮಸಿ ಗಾಳಿಯ ತೇವವನ್ನು ಹೀರಿ ಕಬ್ಬಿಣವನ್ನು ತಿನ್ನುತ್ತದೆ. ಅಂದಂದೇ ಬಿಸಿನೀರಿನಿಂದ ತೊಳೆದು, ಒಣಗಿಸಿ, ಎಣ್ಣೆ ಸವರಬೇಕು. ಮಲೆನಾಡಿನ ಮಳೆಗಾಲದಲ್ಲಿ ಒಂದು ರಾತ್ರಿಯ ಅಲಕ್ಷ್ಯಕ್ಕೂ ತುಕ್ಕು ಕಾದಿರುತ್ತದೆ. ಹತ್ತು ನಿಮಿಷದ ಆಟಕ್ಕೆ ಒಂದು ಗಂಟೆಯ ಕೆಲಸ. ಈ ಕೆಲಸಕ್ಕೆ ಬೇಸರಪಡದವನು ಮಾತ್ರ ಮುಂದಿನ ಬಾರಿ ಕೋವಿ ಹಿಡಿಯಲು ಅರ್ಹ. ಕಾಯಕದ ಅರ್ಥ ಬಲ್ಲ ನಮ್ಮ ಮನೆತನಗಳಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ದಯೆ ಮತ್ತು ಕೋವಿ

ಇಷ್ಟರಲ್ಲಿ ಓದುಗರ ಮನಸ್ಸಿನಲ್ಲಿ ಒಂದು ಪ್ರಶ್ನೆ ಎದ್ದಿರಬಹುದು. ಸಕಲ ಜೀವಿಗಳಲ್ಲಿ ದಯೆಯನ್ನು ಬೋಧಿಸಿದ ಬಸವಾದಿ ಶರಣರ ಅನುಯಾಯಿಗಳಿಗೆ ಈ ಕೋವಿಯ ಮಾತೇಕೆ? ಪ್ರಶ್ನೆ ನ್ಯಾಯವಾದದ್ದು. ಉತ್ತರವನ್ನು ಮರೆಮಾಚದೆ ಹೇಳಬೇಕು. ಕೋವಿಯು ಕೊಲ್ಲುವುದಕ್ಕೆಂದೇ ಹುಟ್ಟಿದ ಸಾಧನ. ಅದನ್ನು ಅಲಂಕಾರದ ವಸ್ತುವೆಂದು ಕರೆದರೆ ಆತ್ಮವಂಚನೆಯಾಗುತ್ತದೆ. ಶಿಕಾರಿಯ ಕಥೆಗಳನ್ನು ಹಿರಿಯರು ಹೆಮ್ಮೆಯಿಂದ ಹೇಳುತ್ತಿದ್ದ ಕಾಲವಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಅದಕ್ಕೆ ತೆರೆಯೆಳೆಯಿತು, ಅದು ಸರಿಯಾದ ಕೆಲಸವೇ. ಕಾಡುಹಂದಿಯೆಂದು ಭ್ರಮಿಸಿ ಜೊತೆಗಾರನಿಗೇ ಗುಂಡು ಹೊಡೆದ ಸುದ್ದಿಗಳು ಮಲೆನಾಡಿನಿಂದ ಮತ್ತೆ ಮತ್ತೆ ಬರುತ್ತವೆ.

ಹಾಗಾದರೆ ದಾಟಿಸಬೇಕಾದದ್ದು ಏನು? ಕೊಲ್ಲುವ ಹುರುಪನ್ನಲ್ಲ. ಅಪಾಯದ ವಸ್ತುವಿನ ಎದುರಿಗೆ ಮನಸ್ಸನ್ನು ಹತೋಟಿಯಲ್ಲಿಡುವ ಸಂಯಮವನ್ನು. ನಮ್ಮ ಪುರಾತನರ ಸಾಲಿನಲ್ಲಿ ಬೇಡರ ಕಣ್ಣಪ್ಪನಿಗೆ ಪೂಜ್ಯಸ್ಥಾನವಿದೆ. ಹರಿಹರ ಕವಿಯು ಆತನನ್ನು ಕುರಿತು ರಗಳೆಯನ್ನೇ ರಚಿಸಿದ್ದಾನೆ. ಬಿಲ್ಲು ಹಿಡಿದು ಬೇಟೆಯಾಡಿದ ಕೈಯೇ ಶಿವನಿಗಾಗಿ ತನ್ನ ಕಣ್ಣನ್ನು ಕಿತ್ತುಕೊಟ್ಟಿತು. ಆಯುಧ ಹಿಡಿದ ಕೈಯನ್ನು ನಡೆಸುವ ಮನಸ್ಸು ಎತ್ತ ಬಾಗಿದೆ ಎಂಬುದೇ ಅಲ್ಲಿ ಮುಖ್ಯ. ಅಂಗೈಯ ಇಷ್ಟಲಿಂಗದಲ್ಲಿ ದೃಷ್ಟಿ ನೆಟ್ಟು ಕುಳಿತವರಿಗೆ ಮನಸ್ಸು ಎಷ್ಟು ಬೇಗ ಜಾರುತ್ತದೆಂಬುದು ಗೊತ್ತು. ಗುರಿಕಾರನ ಅನುಭವವೂ ಅದೇ. ಪೂಜೆಗೂ ಆಟಕ್ಕೂ ಹೋಲಿಕೆ ಸಲ್ಲದು, ಆದರೆ ಚಂಚಲತೆಯೆಂಬ ಶತ್ರು ಎರಡು ಕಡೆಯೂ ಒಬ್ಬನೇ.

ಗುರಿವಿದ್ಯೆಯಲ್ಲಿ ಆಸಕ್ತಿಯುಳ್ಳ ನಮ್ಮ ತರುಣ-ತರುಣಿಯರಿಗೆ ಕಾಡಿನ ದಾರಿ ಬೇಡ. 1951ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ರೈಫಲ್ ಸಂಘಕ್ಕೆ ಸೇರಿದ ಸಂಸ್ಥೆಗಳಲ್ಲಿ ಏರ್ ರೈಫಲ್‌ನಿಂದ ಆರಂಭಿಸಿ ಕ್ರಮವಾಗಿ ಕಲಿಯಬಹುದು. 2008ರ ಒಲಿಂಪಿಕ್ಸ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಏರ್ ರೈಫಲ್‌ನಿಂದಲೇ.

ಮನೆಯಲ್ಲಿ ಹಳೆಯ ಕೋವಿಯಿದ್ದವರಿಗೆ

ನಮ್ಮ ತಪ್ಪು ಇತರರಿಂದ ಆಗದಿರಲೆಂದು ಕೆಲವು ಮಾತು. ಹಳೆಯ ಕೋವಿ ಕಂಡರೆ ಅದು ತುಂಬಿದೆಯೆಂದೇ ಭಾವಿಸಬೇಕು. ಕರಿಮದ್ದು ಒಣಗಿದ್ದರೆ ದಶಕಗಳ ನಂತರವೂ ಹತ್ತಬಲ್ಲದು. ಒಳಗಿರುವ ಈಡನ್ನು ಸ್ವತಃ ತೆಗೆಯಲು ಹೋಗದೆ, ಠಾಣೆಗೆ ತಿಳಿಸಿ ಪರವಾನಗಿಯುಳ್ಳ ಕೋವಿ ಕೆಲಸಗಾರರ ನೆರವು ಪಡೆಯಬೇಕು. ಮನೆಯಲ್ಲಿ ಮದ್ದು ತಯಾರಿಸುವುದು ಅಪರಾಧವೂ ಹೌದು, ಅಪಾಯವೂ ಹೌದು. ಕೇಪಿನ ಕೋವಿಗೂ 1959ರ ಶಸ್ತ್ರಾಸ್ತ್ರ ಕಾಯಿದೆ ಅನ್ವಯಿಸುತ್ತದೆ. ಪರವಾನಗಿದಾರರು ತೀರಿಕೊಂಡರೆ ವಾರಸುದಾರರು ಆಯುಧವನ್ನು ಠಾಣೆಯಲ್ಲಿ ಅಥವಾ ಪರವಾನಗಿಯುಳ್ಳ ಅಂಗಡಿಯಲ್ಲಿ ಒಪ್ಪಿಸಿ, ಬೇಕೆನಿಸಿದರೆ ತಮ್ಮ ಹೆಸರಿಗೆ ಪರವಾನಗಿ ಕೋರಬೇಕು. 21 ವರ್ಷ ತುಂಬದವರಿಗೆ ಪರವಾನಗಿ ದೊರೆಯದು. 2019ರ ತಿದ್ದುಪಡಿಯಂತೆ ಪರವಾನಗಿಯ ಅವಧಿ 5 ವರ್ಷ. ಇಟ್ಟುಕೊಳ್ಳುವ ಮನಸ್ಸಿಲ್ಲದವರು ಒಪ್ಪಿಸಿಬಿಡುವುದೇ ಲೇಸು. ಅದರಲ್ಲಿ ಅಗೌರವವೇನೂ ಇಲ್ಲ.

ಇದಕ್ಕಿಂತ ಮುಖ್ಯವಾದದ್ದು, ಮನೆಯ ಹಿರಿಯರು ಇನ್ನೂ ಇರುವಾಗಲೇ ಅವರ ಬಳಿ ಕುಳಿತು ಕೇಳುವುದು. ಆ ಕೋವಿ ಯಾವಾಗ ಬಂದಿತು, ಯಾರಿಂದ ಬಂದಿತು, ಅದರ ಗೀರುಗಳ ಅರ್ಥವೇನು ಎಂದು ಬರೆದಿಟ್ಟುಕೊಳ್ಳಬೇಕು. ಕೋವಿಗೆ ಮಾತ್ರವಲ್ಲ, ಮನೆಯ ಪ್ರತಿಯೊಂದು ಹಳೆಯ ಸಾಧನಕ್ಕೂ ಈ ಮಾತು ಸಲ್ಲುತ್ತದೆ. ಕೇಳದೆ ಉಳಿದ ಪ್ರಶ್ನೆಗೆ ಗದ್ದಿಗೆಯ ಮುಂದೆ ಉತ್ತರ ಸಿಕ್ಕುವುದಿಲ್ಲ.

ನಮ್ಮ ಕೋವಿಯನ್ನು ಅಂದೇ ಠಾಣೆಗೆ ಒಪ್ಪಿಸಿದೆವು. ತಡಮಾಡಿದ್ದಕ್ಕೆ ಕೇಳಿದ ಮಾತನ್ನೆಲ್ಲ ಕೇಳಿಸಿಕೊಂಡೆವು. ಬಲ್ಲ ಕೆಲಸಗಾರರು ಒಳಗಿನ ಈಡನ್ನು ತೆಗೆದರು. ಬಹುಕಾಲದ ಓಡಾಟದ ಬಳಿಕ ನನ್ನ ಅಣ್ಣನ ಹೆಸರಿಗೆ ಪರವಾನಗಿಯಾಯಿತು. ಈಗ ಅದು ಗೋಡೆಯ ಮೇಲಿಲ್ಲ, ಬೀಗ ಹಾಕಿದ ಪೆಟ್ಟಿಗೆಯಲ್ಲಿದೆ. ಆಯುಧಪೂಜೆಯಂದು ಅಣ್ಣ ಅದನ್ನು ಹೊರತೆಗೆದು ಗಜಕಡ್ಡಿಯನ್ನು ಒಳಗಿಳಿಸುತ್ತಾನೆ. ಮಕ್ಕಳೆಲ್ಲ ದೂರ ನಿಂತು ನೋಡುತ್ತಾರೆ. ಮೇಲಿನ ಗೀರು ಬಾಯಿಯ ಮಟ್ಟಕ್ಕೆ ಬಂದು ನಿಂತಾಗ ಅವನು ಎಲ್ಲರಿಗೂ ಕೇಳುವಂತೆ "ಕೋವಿ ಖಾಲಿ ಇದೆ" ಎನ್ನುತ್ತಾನೆ. ಆ ಮಾತು ಕೇಳಿದ ಮೇಲೆಯೇ ನನ್ನ ತಾಯಿಯವರು ವಿಭೂತಿಯನ್ನು ಕೈಗೆತ್ತಿಕೊಳ್ಳುತ್ತಾರೆ.